ಕೌದಿ ತೆಗೆದ ಗೋಡೆ

ಅಥವಾ ಆ ದಿನ ಗೋಡೆಯ ಮೇಲೆ ಕೌದಿ ಇರಲೇ ಇಲ್ಲವೇನೋ. ಇತ್ತು ಅನ್ನುತ್ತಾರೆ ನನ್ನ ಅತ್ತೆ ಹುಲಿಗೆವ್ವ, ಇರಲಿಲ್ಲ ಅನ್ನುತ್ತಾನೆ ನನ್ನ ಕೆಲಸದ ಜೊತೆಗಾರ ಯಮನೂರಪ್ಪ. ಇಬ್ಬರೂ ತಮ್ಮ ತಮ್ಮ ಮಾತನ್ನು ಎಷ್ಟು ಖಾತ್ರಿಯಿಂದ ಹೇಳುತ್ತ ಬಂದಿದ್ದಾರೆಂದರೆ ಈಗ ನಾನು ಕಣ್ಣು ಮುಚ್ಚಿದರೆ ಎರಡು ಗೋಡೆಗಳು ಪಕ್ಕಪಕ್ಕದಲ್ಲಿ ಎದ್ದು ನಿಲ್ಲುತ್ತವೆ, ಒಂದು ಬರಿಗಲ್ಲಿನದು, ಇನ್ನೊಂದು ಕೌದಿ ಹೊದ್ದದ್ದು, ಮತ್ತು ಎರಡರ ಮೇಲೂ ಮಧ್ಯಾಹ್ನದ ಬಿಸಿಲು ಒಂದೇ ಕಿಟಕಿಯಿಂದ ಬೀಳುತ್ತಿರುತ್ತದೆ. ಸುಳ್ಳು ಹೇಳುವಾಗಲೂ ನೆನಪು ಬಿಸಿಲನ್ನು ಮಾತ್ರ ಸರಿಯಾದ ದಿಕ್ಕಿನಿಂದಲೇ ಬೀಳಿಸುತ್ತದೆ. ಅದರ ಮೇಲೆ ನನಗಿರುವ ದೊಡ್ಡ ಸಿಟ್ಟು ಇದೇ.

ಕೌದಿಯಂತೂ ಸುಳ್ಳಲ್ಲ. ಇಗೋ, ಮೇಜಿನ ಆಚೆ ಸ್ಟೂಲಿನ ಮೇಲೆ ಮಡಚಿ ಕೂತಿದೆ. ಬಸ್ ಕಂಡಕ್ಟರ್ ಆಗಿರುವ ನನ್ನ ಗಂಡನ ಖಾಕಿ ಅಂಗಿಯ ಬೆನ್ನು, ಅತ್ತೆಯ ಎರಡು ಇಳಕಲ್ಲ ಸೀರೆಗಳ ಸೆರಗು, ನಾನು ಡಿಪ್ಲೊಮಾ ಓದುವಾಗ ಹೊದ್ದ ದುಪಟ್ಟಾ, ಹಿಟ್ಟಿನ ಚೀಲದ ಒಂದು ತುಂಡು, ಇವನ್ನೆಲ್ಲ ಅತ್ತೆ ಒಂದು ಬೇಸಿಗೆಯುದ್ದಕ್ಕೂ ಸಾಲು ಸಾಲು ಹೊಲಿಗೆ ಹಾಕಿ ಒಂದಾಗಿಸಿದ್ದು. ಹೊದೆಯಲು ಹೊಲಿದ ಕೌದಿ ನಮ್ಮ ಕೈಗೆ ಬಂದಮೇಲೆ ಟೆಂಪೊದಲ್ಲಿ ಸ್ಪೀಕರ್ ಪೆಟ್ಟಿಗೆಗಳಿಗೆ ಹಾಸಿಗೆಯಾಯಿತು. ಪೆಟ್ಟಿಗೆಗೆ ಏಟು ಬೀಳಬಾರದೆಂದು ತೆಗೆದುಕೊಂಡು ಹೋದದ್ದು, ಕಡೆಗೆ ನಮ್ಮ ಮೂರೂ ಜನರ ನಡುವೆ ತೀರದ ಜಗಳವಾಗಿ ಮನೆಗೆ ವಾಪಸು ಬಂತು.

ನಾನು ಸ್ಪೀಕರ್‌ಗಳನ್ನು ರೂಪಿಸುವವಳು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೀಗೆ ಹೇಳಿದರೆ "ರೇಡಿಯೋ ರಿಪೇರೇನ್ರಿ?" ಎಂದು ಕೇಳುತ್ತಾರೆ, ನಾನು ಹೌದೆನ್ನುತ್ತೇನೆ. ನೀವು ಗೆಳೆಯರು, ನಿಮಗೆ ಸ್ವಲ್ಪ ಬಿಡಿಸಿ ಹೇಳಬಹುದು. ಒಬ್ಬರ ದನಿ ಮೈಕಿನಿಂದ ತಂತಿಯೊಳಗೆ ಇಳಿದ ಮೇಲೆ ಅದರ ಯಾವ ಭಾಗ ಹಿಗ್ಗಬೇಕು, ಯಾವುದು ಕುಗ್ಗಬೇಕು ಎಂದು ತೀರ್ಮಾನಿಸುವ ಸರ್ಕ್ಯೂಟ್ ನನ್ನದು. ಆ ದನಿ ಹೊರಗೆ ಬರುವ ಪೆಟ್ಟಿಗೆಯ ಉದ್ದ, ಅಗಲ, ಹೊಟ್ಟೆ, ಬಾಯಿ ಯಮನೂರಪ್ಪನದು. ಅವನು ಯಲಬುರ್ಗಾ ಕಡೆಯವನು. ಕಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿ ಹಚ್ಚಿ ಕೇಳುವ ಅವನ ಚಾಳಿಯಿಂದಾಗಿ ಪರರ ಮನೆಗೆ ಊಟಕ್ಕೆ ಹೋದಾಗಲೂ ಅವರ ಬಾಗಿಲು ಬಡಿದು ನಗೆಪಾಟಲಾಗುತ್ತಾನೆ. ನಾವಿಬ್ಬರೂ ಹಿಟ್ನಾಳದ ಹತ್ತಿರ ಹೆದ್ದಾರಿಯ ಮೇಲಿದ್ದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆವು. ಮೆರವಣಿಗೆಗಳಿಗೆ ಬಾಡಿಗೆ ಹೋಗುವ ದೊಡ್ಡ ದೊಡ್ಡ ಪೆಟ್ಟಿಗೆಗಳು ಅಲ್ಲಿಂದ ಲಾರಿಗಟ್ಟಲೆ ಹೊರಡುತ್ತಿದ್ದವು.

ಅಲ್ಲಿಂದ ಬಿಟ್ಟು ಬಂದದ್ದು ಹೇಗೆ? ಇದನ್ನು ನಾನು ಒಂದು ತರಹ ಹೇಳುತ್ತೇನೆ, ನಂಬಬೇಡಿ. ಬಿಡುವಿನ ಹೊತ್ತಿನಲ್ಲಿ ನಾವು ಒಂದು ಸಣಕಲು, ಎತ್ತರದ ಪೆಟ್ಟಿಗೆ ಮಾಡಿದ್ದೆವು. ಅದರಲ್ಲಿ ಗುಡುಗು ಇರಲಿಲ್ಲ, ಮಾತು ಇತ್ತು. ಮುಂದಿನ ಸಾಲಿನವರ ಕಿವಿ ಒಡೆಯದೆ ಹಿಂದಿನ ಸಾಲಿನವರಿಗೆ ಒಂದೊಂದು ಪದವೂ ಬಿಡಿಬಿಡಿಯಾಗಿ ಮುಟ್ಟಬೇಕೆಂಬುದು ನಮ್ಮ ಹಟ. ಧಣಿಯರು ಬಂದು ಕೇಳಿದರು, ತಲೆ ಅಲ್ಲಾಡಿಸಿದರು, ನಕ್ಕರು. "ಛಲೋ ಐತವಾ. ಆದ್ರ ಮಾತು ಕೇಳಾಕ ಬಾಡಗಿ ಯಾರ ಕೊಡ್ತಾರ? ಎದಿ ನಡಗಬೇಕು, ಕಿಡಕಿ ಗ್ಲಾಸ್ ಅಲ್ಲಾಡಬೇಕು, ಅಂದ್ರ ಕೊಡ್ತಾರ." ನಾನು ಕಾವೇರಿದ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹೊರಗೆ ನಡೆದೆ, ಯಮನೂರಪ್ಪ ಹಿಂದೆಯೇ ಬಂದ.

ಈಗ ಇದನ್ನು ಹೊಡೆದುಹಾಕಿ. ಯಮನೂರಪ್ಪನ ಪ್ರಕಾರ ಅಂದು ಯಾರೂ ಎಲ್ಲಿಗೂ ನಡೆಯಲಿಲ್ಲ. ಎಲ್ಲರೂ ಕೂತು ಚಹಾ ಕುಡಿದೆವು, ಧಣಿಯರು ಮಿರ್ಚಿ ತರಿಸಿದರು, ರಾಜೀನಾಮೆಯ ಮಾತು ಬಂದದ್ದು ಎಷ್ಟೋ ದಿನಗಳಾದ ಮೇಲೆ, ಅದೂ ಅವನಿಂದ. ಅತ್ತೆಯ ಪ್ರಕಾರ ಬಿಡಿಸಿದವರು ಅವರೇ. ದಿನಾ ಸಂಜೆ ಕಿವಿಯೊಳಗೆ ಹತ್ತಿ ತುರುಕಿಕೊಂಡು ಬಂದು ಮನೆಯಲ್ಲಿ ಯಾರ ಮಾತೂ ಕೇಳದ ಸೊಸೆಯನ್ನು ಕಂಡು "ಬಿಡಽ, ಅಂಥಾ ಕೆಲಸ ಯಾಕ" ಅಂದರಂತೆ. ಕಂಪನಿ ಬಿಟ್ಟು ಸ್ವಂತದ ಹೆಸರಿನಲ್ಲಿ ಸ್ಪೀಕರ್ ಮಾಡಲು ಹೊರಟವರ ಕಥೆಗಳನ್ನು ನೀವೂ ಎಲ್ಲಾದರೂ ಓದಿರುತ್ತೀರಿ. ಕೈಕಟ್ಟಿ ನಿಂತ ಫೋಟೊ, ಕೆಳಗೆ ಕನಸು, ಧೈರ್ಯ, ಒಂದು ನಿರ್ಣಾಯಕ ಗಳಿಗೆ. ಆ ಗಳಿಗೆ ಯಾವಾಗಲೂ ಆಮೇಲೆ ಹೊಲಿದದ್ದು ಎಂಬುದು ನನ್ನ ಗುಮಾನಿ. ಬಿಡುವಾಗ ನಾವು ತುಂಡು ತುಂಡಾಗಿಯೇ ಬಿಡುತ್ತೇವೆ, ಸೂಜಿ ದಾರ ಆಮೇಲೆ ಬರುತ್ತದೆ.

ಬರುವಾಗ ಏನು ತಂದೆವು ಎಂಬುದಾದರೂ ನನಗೆ ಗೊತ್ತು. ಅಲ್ಲಿ ಬರೆದ ಒಂದು ಸರ್ಕ್ಯೂಟನ್ನೂ ತರಲಿಲ್ಲ, ಅವು ಅವರವು. ಆ ಸಣಕಲು ಪೆಟ್ಟಿಗೆಯನ್ನೂ ಅಲ್ಲೇ ಬಿಟ್ಟೆವು. ಆದರೆ ಕಿವಿಯನ್ನು ಎಲ್ಲಿ ಬಿಡುವುದು? ವರ್ಷಗಟ್ಟಲೆ ಒಂದು ಕಂಪನಿಯ ಗದ್ದಲ ಕೇಳಿ ಕೇಳಿ ಯಾವುದು ಬೇಡವೆಂದು ಕಲಿತ ಕಿವಿ ಅದು. ಕೈ ಮಾಡಿದ್ದನ್ನು ಧಣಿ ಕೊಳ್ಳಬಹುದು, ಕಿವಿ ಒಲ್ಲೆನೆಂದದ್ದನ್ನು ಕೊಳ್ಳಲು ಯಾವ ಕರಾರೂ ಇಲ್ಲ.

ಗಂಗಾವತಿಯ ಒಂದು ಅಕ್ಕಿ ಗಿರಣಿಯವರು ತಮ್ಮ ಗೋದಾಮಿನ ಮುಂದಿನ ಭಾಗ ನಮಗೆ ಬಿಟ್ಟುಕೊಟ್ಟರು. ಹಿಂದೆ, ಎಡಕ್ಕೆ, ಬಲಕ್ಕೆ, ಸೂರಿನ ತನಕ ಭತ್ತದ ಚೀಲಗಳು. ನಡುವೆ ಒಂದು ಮೇಜು, ನಾವು, ಹಾರಾಡುವ ಹೊಟ್ಟಿನ ದೂಳು. ಅಲ್ಲಿ ಹೊಸದಾಗಿ, ಮೊದಲಿಂದ, ಮಾತಿನ ಪೆಟ್ಟಿಗೆಯನ್ನು ಕಟ್ಟತೊಡಗಿದೆವು. ಪರೀಕ್ಷೆಗೆ ಒಂದು ದನಿ ಬೇಕಿತ್ತಲ್ಲ, ನಿಲ್ಲದೆ ಮಾತಾಡುವಂಥದು, ಏರಿಳಿತ ಇರುವಂಥದು. ಬುತ್ತಿ ತಂದ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದೆವು.

"ಏನ ಮಾತಾಡ್ಲಿ?" ಅಂದರು.

"ಏನರ ಮಾತಾಡ್ರಿ ಅತ್ತಿ, ಬಾಯಿಗೆ ಬಂದದ್ದು."

"ಬಾಯಿಗೆ ಬಂದದ್ದ ಅಂದ್ರ ಬೈಗಳನ ಬರತಾವು."

"ಬೈರಿ ಮತ್ತ, ಯಮನೂರನ್ನ ಬೈರಿ."

"ಅಂವನ್ನ ಯಾಕ, ನಿನ್ನ ಬೈತೀನಿ. ನೋಡಽ ಯಮನೂರಾ, ನನ್ನ ಸೊಸಿ ಸರಕಾರಿ ನೌಕರಿ ಹುಡುಕಂದ್ರ ಡಬ್ಬಿ ಮಾಡ್ತೀನಿ ಅಂತಾಳ, ಡಬ್ಬಿ ಮಾಡಂದ್ರ ಮಾತಾಡ್ರಿ ಅಂತಾಳ, ಮಾತಾಡಿದ್ರ ಕಿವಿ ಮುಚಗೊಂತಾಳ..."

ಹೀಗೆ ಅತ್ತೆಯ ಬೈಗುಳವೇ ನಮ್ಮ ಅಳತೆಗೋಲಾಯಿತು. ಮಾತು ಅರ್ಥವಾಗುವುದು ಅದರ ಅಂಚಿನಿಂದ, ಸಕಾರ ಚಕಾರಗಳ ಚೂಪಿನಿಂದ. ನಮ್ಮ ಪೆಟ್ಟಿಗೆಯಲ್ಲಿ ಆ ಅಂಚು ಸ್ವಲ್ಪ ಮೊಂಡಾಗಿ ಕೇಳುತ್ತಿತ್ತು. ನಾನು ಚೂಪು ಮಾಡಿದೆ, ಇನ್ನೂ ಮೊಂಡು. ಇನ್ನೂ ಚೂಪು ಮಾಡಿದೆ. ಸುಗ್ಗಿ ಕಳೆಯುವಷ್ಟರಲ್ಲಿ ಅತ್ತೆಯ ಒಂದೊಂದು ಬೈಗುಳವೂ ಒಕ್ಕಿ ತೂರಿದ ಕಾಳಿನ ಹಾಗೆ ಸ್ವಚ್ಛವಾಗಿ ಬಂದು ಬೀಳತೊಡಗಿತು. ಯಮನೂರಪ್ಪ ಕಣ್ಣೊರೆಸಿಕೊಂಡ. ಹೊಟ್ಟಿನ ದೂಳಿಗೂ ಇರಬಹುದು.

ಮೊದಲ ಗಿರಾಕಿಯಾಗಿ ಬಂದವಳು ಕುಷ್ಟಗಿ ಕಡೆಯ ಹಳ್ಳಿಯ ಮಲ್ಲವ್ವ. ದಾಳಿಂಬೆ ತೋಟಗಳಲ್ಲಿ ಕೂಲಿ ಮಾಡುವ ಹೆಂಗಸರನ್ನು ಕೂಡಿಸಿಕೊಂಡು ಮದುವೆಗಳಲ್ಲಿ ಸೋಬಾನ ಹಾಡುವ ಮೇಳ ಅವಳದು. ಅವಳ ಹಾಡಿನ ಪ್ರಾಣವಿರುವುದು ಬೀಗರನ್ನು ಬೈಯುವಲ್ಲಿ. ಗಂಡಿನ ಕಡೆಯ ಒಬ್ಬೊಬ್ಬರನ್ನೂ ಆ ದಿನವೇ ನೋಡಿ, ಮೀಸೆ, ಹೊಟ್ಟೆ, ನಡಿಗೆ, ಉಡುಗೊರೆ ಏನನ್ನೂ ಬಿಡದೆ, ಹೆಸರು ಹಿಡಿದು ಹಾಡಿನೊಳಗೆ ಕಟ್ಟಿಬಿಡುತ್ತಾಳೆ. ಬೈಸಿಕೊಂಡವರು ನಗಬೇಕು, ನಗದಿದ್ದರೆ ಸೋತಂತೆ. ಆದರೆ ಮದುವೆ ಈಗ ಮಂಟಪದೊಳಗೆ ನಡೆಯುತ್ತದೆ, ಮಂಟಪದಲ್ಲಿ ಗುಡುಗುವ ಪೆಟ್ಟಿಗೆಗಳಿರುತ್ತವೆ, ಅವುಗಳಲ್ಲಿ ಇವರ ಹಾಡು ಹೊಕ್ಕರೆ ಬರೀ ಗದ್ದಲವಾಗಿ ಹೊರಬರುತ್ತದೆ. "ಬೀಗನ ಮೀಸಿ ಬೈದ್ರ ಬೀಗ ತಲಿ ಕೆಳಗ ಹಾಕ್ಕೊಂಡು ಉಪ್ಪಿಟ್ಟು ತಿಂತಿರ್ತಾನಲ್ಲ ಯವ್ವಾ! ಯಾರಿಗೂ ತಿಳೀದ ಬೈಗಳಾ ಯಾತರ ಬೈಗಳಾ? ಹಾಡಾಕ ಕರಿಯೂದನ ಬಿಟ್ಟಾರ" ಎಂದಳು ಮಲ್ಲವ್ವ. ಅವಳಿಗೆ ತಮ್ಮದೇ ಪೆಟ್ಟಿಗೆ ಬೇಕಿತ್ತು. ತಮ್ಮೂರ ಸಮುದಾಯ ಭವನದಲ್ಲಿ ಬಾರಿಸಿ ತೋರಿಸಿದರೆ, ಮೇಳಕ್ಕೆ ಒಪ್ಪಿಗೆಯಾದರೆ, ತೆಗೆದುಕೊಳ್ಳುವುದು ಎಂದಾಯಿತು. ಅವಳು ತೆಗೆದುಕೊಂಡರೆ ಸುತ್ತಲಿನ ಮೇಳಗಳು ಬರುತ್ತವೆ. ಇಲ್ಲವಾದರೆ ನಮ್ಮ ಅಂಗಡಿ ಅಲ್ಲಿಗೇ ಮುಗಿಯುತ್ತದೆಂದು ಯಮನೂರಪ್ಪನಿಗೂ ನನಗೂ ಗೊತ್ತಿತ್ತು, ಬಾಯಿಬಿಟ್ಟು ಆಡಿರಲಿಲ್ಲ.

ಕೌದಿ ಹಾಸಿ, ಪೆಟ್ಟಿಗೆ ಮಲಗಿಸಿ, ಒಯ್ದೆವು. ಕಲ್ಲಿನ ಗೋಡೆ, ಕಲ್ಲಿನ ನೆಲ, ಮೇಲೆ ತಗಡು. ಮಲ್ಲವ್ವ ಮೈಕಿನ ಮುಂದೆ ಕೂತು ಬಾಯಿ ತೆರೆದಳು. ಬಂದದ್ದು ಹಾಡಲ್ಲ, ಕಿರಿಚು. ಒಂದೊಂದು ಸಕಾರವೂ ಚಾಕುವಿನಂತೆ ಹಾರಿ ಗೋಡೆಗೆ ಬಡಿದು, ಮರಳಿ ಮೈಕಿಗೆ ಹೊಕ್ಕು, ಕೂಯ್ ಎಂದು ಊಳಿಡತೊಡಗಿತು. ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು.

"ಏನಽ ಯವ್ವಾ," ಮಲ್ಲವ್ವ ಕೇಳಿದಳು, "ಒಳಗ ಬೆಕ್ಕಿನ ಬಾಲ ತುಳದೀಯೇನು?"

ಎಲ್ಲರೂ ನಕ್ಕರು. ಬೈಸಿಕೊಂಡವರು ನಗಬೇಕು ಎಂಬ ಅವರ ನಿಯಮ ನನಗೆ ಆಗ ನೆನಪಿಗೆ ಬರಲಿಲ್ಲ, ನಾನು ನಗಲಿಲ್ಲ.

ಮೈಕು ಕೆಟ್ಟಿದೆ ಅಂದೆವು, ಕರೆಂಟು ಸರಿಯಿಲ್ಲ ಅಂದೆವು, ತಂತಿ ಬದಲಿಸಿದೆವು. ಗೋದಾಮಿಗೆ ತಂದು ಹಚ್ಚಿದರೆ ಅದೇ ಪೆಟ್ಟಿಗೆ ಮುತ್ತಿನಂತೆ ಮಾತಾಡಿತು. ಆ ದಿನಗಳಲ್ಲೇ ಧಣಿಯರ ಫೋನು ಬಂತು. ಸುದ್ದಿ ಹೇಗೋ ಮುಟ್ಟಿತ್ತು. ಅವರು ಹಂಗಿಸಲಿಲ್ಲ, ಹಂಗಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಬರ್ರಿ ಇಬ್ಬರೂ. ನಿಮ್ಮ ಟೆಸ್ಟಿಂಗ್ ಖೋಲಿ ಹಂಗ ಐತಿ, ಯಾರನ್ನೂ ಕುಂದ್ರಿಸಿಲ್ಲ" ಎಂದರು. ಯಮನೂರಪ್ಪ ಮರದ ಒಂದು ಚಕ್ಕೆಯನ್ನು ಬೆರಳಲ್ಲಿ ಬಡಿಯುತ್ತ ಕೂತಿದ್ದ. "ಹೋಗೂಣೇನು?" ಎಂದ. ಖೋಲಿ ಎಂಬ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಆ ವಾರ ಗಿರಣಿಯವರು ಭತ್ತ ಎತ್ತಿದರು. ಹಮಾಲರು ಬಂದು ಚೀಲ ಹೊತ್ತು ಲಾರಿಗೆ ಹಾಕಿದರು, ಎಡದ ಗೋಡೆ ಕಂಡಿತು, ಬಲದ್ದು ಕಂಡಿತು. ಅತ್ತೆ ಎಂದಿನಂತೆ ಬುತ್ತಿ ತಂದು, ಎಂದಿನಂತೆ ಮೈಕಿನ ಮುಂದೆ ಕೂತು, ಬಾಯಿ ತೆರೆದ ಕೂಡಲೇ ಪೆಟ್ಟಿಗೆ ಕಿರಿಚಿತು. ಕುಷ್ಟಗಿಯ ಬೆಕ್ಕು ಗಂಗಾವತಿಗೆ ಬಂದಿತ್ತು. "ಚೀಲ ಹೋದ್ವು, ದನಿ ಬೋಳಾತು" ಎಂದು ಯಾರೋ ಅಂದರು. ಯಾರೆಂಬುದು ಇಂದಿಗೂ ತಕರಾರಿನಲ್ಲಿದೆ. ತಾನೇ ಎಂದು ಯಮನೂರಪ್ಪ, ತಾವೇ ಎಂದು ಅತ್ತೆ. ನನಗೆ ಅದು ನನ್ನ ದನಿಯಲ್ಲೇ ನೆನಪಿದೆ, ನನ್ನ ನೆನಪಿನ ಸುಳ್ಳು ನನಗೆ ಗೊತ್ತು, ಹಾಗಾಗಿ ನಾನಂತೂ ಆಗಿರಲಾರೆ.

ಭತ್ತದ ಚೀಲಗಳು ದನಿಯ ಅಂಚನ್ನು ತಿನ್ನುತ್ತಿದ್ದವು. ಅವು ತಿಂದಷ್ಟೂ ನಾನು ಚೂಪು ಮಾಡುತ್ತಿದ್ದೆ. ಗದ್ದೆ ಬಯಲಿನ ಊರಲ್ಲಿ ಕೂತು, ಗದ್ದೆಯ ಬೆಳೆಯನ್ನೇ ಗೋಡೆ ಮಾಡಿಕೊಂಡು, ಜೋಳದ ಸೀಮೆಯ ಕಲ್ಲಿಗೆ ಪೆಟ್ಟಿಗೆ ಕಟ್ಟಿದ್ದೆವು! ಕೋಣೆ ದನಿಯನ್ನು ಬದಲಿಸುತ್ತದೆ ಎಂಬುದು ಡಿಪ್ಲೊಮಾದ ಮೊದಲ ಪಾಠ, ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕಂಪನಿಯ ಆ ಟೆಸ್ಟಿಂಗ್ ಖೋಲಿಯ ನಾಲ್ಕೂ ಗೋಡೆಗೆ ದಪ್ಪ ಸ್ಪಂಜು ಬಡಿದಿದ್ದರು, ಅಲ್ಲಿ ಏನು ನುಡಿಸಿದರೂ ಇಂಪಾಗುತ್ತಿತ್ತು. ನಾವು ಆ ಖೋಲಿಯನ್ನು ಬಿಟ್ಟೆವೆಂದು ಎದೆಯುಬ್ಬಿಸಿ ಬಂದು, ತಿಳಿಯದೆ, ಅಂಥದೇ ಇನ್ನೊಂದು ಖೋಲಿಯೊಳಗೆ ಹೊಕ್ಕು ಕೂತಿದ್ದೆವು. ಸ್ಪಂಜಿನ ಬದಲು ಭತ್ತ, ಅಷ್ಟೇ ವ್ಯತ್ಯಾಸ. ಗೆಳೆಯರೇ, ಬಿಟ್ಟು ಹೊರಟವರೆಲ್ಲರ ಮೊದಲ ತಪ್ಪು ಇದೇ ಇರಬಹುದೇ ಎಂದು ನನಗೆ ಅನುಮಾನ: ತಮ್ಮ ದನಿ ತಮಗೆ ಸೊಗಸಾಗಿ ಕೇಳುವ ಜಾಗವನ್ನೇ ಹುಡುಕಿಕೊಂಡು, ಅದನ್ನೇ ಬಯಲು ಎಂದು ಕರೆಯುವುದು.

ಧಣಿಯರಿಗೆ ನಾನೇ ಫೋನು ಮಾಡಿದೆ. "ಖೋಲಿಯೊಳಗ ಬೇರೆ ಯಾರನ್ನರ ಕುಂದ್ರಸ್ರಿ. ನಾವು ಖೋಲಿ ಬಿಟ್ಟೀವಿ" ಎಂದೆ. ಬಿಟ್ಟದ್ದು ಅದೇ ಗಳಿಗೆಯಲ್ಲಿ, ಅದಕ್ಕೆ ಮುಂಚೆ ಅಲ್ಲ. ಈ ಒಂದು ವಾಕ್ಯವನ್ನು ನಾನು ಹೊಡೆದುಹಾಕಲು ಬಿಡುವುದಿಲ್ಲ.

ಮಲ್ಲವ್ವ ಇನ್ನೊಂದು ಅವಕಾಶ ಕೊಡಲು ಸುಲಭಕ್ಕೆ ಒಪ್ಪಲಿಲ್ಲ. "ಬೆಕ್ಕು ಸತ್ತಿರಬೇಕಲ್ಲ ಈಗ?" ಎಂದು ಕೇಳಿ, ಕೂಲಿಯಿಂದ ಬಂದ ಮೇಲೆ ಭವನದ ಬೀಗ ತೆಗೆಸುತ್ತೇನೆ ಎಂದಳು. ಈ ಸಲ ನಾವು ಪೆಟ್ಟಿಗೆಯನ್ನು ಮುಗಿಸಿ ಒಯ್ಯಲಿಲ್ಲ, ಬಿಚ್ಚಿಕೊಂಡೇ ಒಯ್ದೆವು. ಕಲ್ಲಿನ ನೆಲದ ಮೇಲೆ ಕೂತು, ಅವರು ಹಾಡುತ್ತಿದ್ದಂತೆ ನಾನು ಚೂಪು ತಗ್ಗಿಸಿದೆ, ಯಮನೂರಪ್ಪ ಪೆಟ್ಟಿಗೆಯ ಬಾಯಿ ಕಿರಿದು ಮಾಡಿದ, ದನಿ ಮೇಲಕ್ಕೂ ಕೆಳಕ್ಕೂ ಚೆಲ್ಲದೆ ಜನರ ತಲೆಯ ಎತ್ತರದಲ್ಲೇ ಹರಿಯುವಂತೆ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಇಟ್ಟೆವು. ಹೀಗೆ ಹಲವು ಸಂಜೆಗಳು. ಬಿಡುವಿನ ಒಂದು ದಿನ ಮೇಳದವರು ಮಧ್ಯಾಹ್ನವೇ ಸೇರಿದರು, ನಮ್ಮ ಜೊತೆ ಅತ್ತೆಯೂ ಬಂದರು. ಬಹಳಷ್ಟು ಸರಿಯಾಗಿತ್ತು, ಆದರೆ ಹಿಂದಿನ ಗೋಡೆಯಿಂದ ಸಣ್ಣದೊಂದು ಮರುದನಿ ಬಂದು ಪದಗಳ ಕಾಲು ತೊಡರಿಸುತ್ತಿತ್ತು. ನಾವು ತಲೆ ಕೆರೆದುಕೊಳ್ಳುತ್ತಿರುವಾಗ ಅತ್ತೆ ಸುಮ್ಮನೆ ಎದ್ದು, ಟೆಂಪೊದಿಂದ ಕೌದಿ ತಂದು, ಆ ಗೋಡೆಯ ಮೊಳೆಗಳಿಗೆ ಸಿಕ್ಕಿಸಿದರು. ಮರುದನಿ ಹೋಯಿತು. ಹೆಂಗಸರು ಹೋ ಎಂದರು.

ನನಗೆ ಸಿಟ್ಟು ಬಂತು. "ತಗೀರಿ ಅತ್ತಿ ಅದನ್ನ."

"ಯಾಕ? ಛಲೋ ಕೇಳಾಕ ಹತ್ತೇತಿ."

"ಕೌದಿ ಛಲೋ ಕೇಳಸಾಕ ಹತ್ತೇತಿ, ನಮ್ಮ ಡಬ್ಬಿ ಅಲ್ಲ. ಒಂದೊಂದು ಡಬ್ಬಿ ಜೋಡಿ ಒಂದೊಂದು ಕೌದಿ ಕಳಸೂಣೇನು?"

"ಕಳಸು. ನಾ ಹೊಲದು ಕೊಡ್ತೀನಿ. ನಿನ್ನ ಡಬ್ಬೀಕಿಂತ ಗಟ್ಟಿ ಇರ್ತಾವ."

"ಅತ್ತಿ ಸೊಸಿ ಮನಿಗೆ ಹೋಗಿ ಜಗಳಾ ಮಾಡ್ರಿ," ಮಲ್ಲವ್ವ ಗದರಿದಳು, "ನಮಗ ಹಾಡಾಕ ಬಿಡ್ರಿ."

ನಾನು ಗೋಡೆಯ ಕಡೆಗೆ ನಡೆದೆ. ಇಲ್ಲಿಯವರೆಗೆ ಮೂವರದೂ ಒಂದೇ ಮಾತು. ಇದರ ನಂತರದ್ದರಲ್ಲಿ ಒಂದಕ್ಕೆ ಮಾತ್ರ ಯಾರ ತಕರಾರೂ ಇಲ್ಲ: ಮಲ್ಲವ್ವ ಹಾಡಿದಳು. ಬೀಗರಿಲ್ಲದ ಕಾರಣ ಯಮನೂರಪ್ಪನನ್ನೇ ಬೀಗನನ್ನಾಗಿ ಮಾಡಿ, ಮದುವೆ ಮನೆಗೆ ಬಂದವನು ಹೆಣ್ಣನ್ನು ನೋಡುವುದು ಬಿಟ್ಟು ಬಾಗಿಲು ಬಡಿದು ನೋಡಿದ ಎಂದು ಕಟ್ಟಿದಳು. ಯಾರು ಹೇಳಿದ್ದರೋ ಅವಳಿಗೆ ಅವನ ಚಾಳಿ! ಆ ಸಾಲು ಮುಗಿಯುವ ಮೊದಲೇ, ಭವನದ ತೀರ ಹಿಂದೆ, ಬಾಗಿಲಾಚೆ, ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ ಯಾರೋ ಒಬ್ಬರು, ನಮಗೂ ಈ ಹಾಡಿಗೂ ಸಂಬಂಧವೇ ಇಲ್ಲದವರು, ಪಕ್ಕನೆ ನಕ್ಕರು. ಮಾತು ಮುಟ್ಟಿತ್ತು. ಬೈಗುಳಕ್ಕೆ ನಗೆ ಬಂದಿತ್ತು. ಮಲ್ಲವ್ವ ಅಲ್ಲೇ ಹಾಡು ನಿಲ್ಲಿಸಿ "ಇದು ನಮ್ಮದು" ಎಂದು ಪೆಟ್ಟಿಗೆಯ ನೆತ್ತಿಯ ಮೇಲೆ ಕೈಯಿಟ್ಟಳು. ಅದನ್ನು ಅವತ್ತು ವಾಪಸು ತರಲು ಸಹ ಬಿಡಲಿಲ್ಲ.

ಆ ನಗೆ ಬಂದಾಗ ಗೋಡೆಯ ಮೇಲೆ ಕೌದಿ ಇತ್ತೇ?

ಯಮನೂರಪ್ಪನ ಪ್ರಕಾರ ನಾನು ಅದಕ್ಕೆ ಮೊದಲೇ ಕಿತ್ತು ತೆಗೆದೆ, ಮೊಳೆಗೆ ಸಿಕ್ಕಿ ಖಾಕಿಯ ತುಂಡು ಹರಿಯಿತು, ಅದನ್ನು ಅವನು ಕಣ್ಣಾರೆ ನೋಡಿದ್ದಾನೆ. ಖಾಕಿಯ ತುಂಡು ಹರಿದಿರುವುದು ನಿಜ, ಇಲ್ಲೇ ಇದೆ. ಆದರೆ ಅದು ಹರಿದದ್ದು ಸಾಮಾನು ಕಟ್ಟುವಾಗ, ಎಲ್ಲ ಮುಗಿದ ಮೇಲೆ, ಸೊಸೆ ಗೋಡೆಯ ತನಕ ಹೋದವಳು ಹಾಡು ಶುರುವಾದದ್ದು ಕೇಳಿ ಹಾಗೇ ನಿಂತುಬಿಟ್ಟಳು ಎನ್ನುತ್ತಾರೆ ಅತ್ತೆ. ಮಲ್ಲವ್ವನನ್ನು ಕೇಳಿದರೆ, "ನಾ ಕೌದಿ ನೋಡ್ಲ್ಯೋ, ಹಾಡ್ಲ್ಯೋ?" ನನ್ನ ನೆನಪಿನಲ್ಲಿ ಕೈಗೆ ಹೊಲಿಗೆಯ ಉಬ್ಬುಗಳು ತಾಗುತ್ತವೆ, ಆಮೇಲೆ ಆ ನಗೆ ಕೇಳುತ್ತದೆ, ನಡುವೆ ಏನೂ ಇಲ್ಲ.

ಮತ್ತೆ ಹೋಗಿ ಪರೀಕ್ಷಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಹೋದೆ. ಭವನದ ತಗಡಿನ ಕೆಳಗೆ ಈಗ ಹಲಗೆಯ ಒಳಚಾವಣಿ ಹಾಕಿಸಿದ್ದಾರೆ, ಕಿಟಕಿಗಳಿಗೆ ದಪ್ಪ ಪರದೆ ಬಂದಿದೆ. ಆ ಕೋಣೆ ಈಗ ಬೇರೆ ಕೋಣೆ. ಪೆಟ್ಟಿಗೆಯ ಹಿಂಬದಿ ಬಿಚ್ಚಲು ಕೈ ಹಾಕಿದ್ದಕ್ಕೆ ಮಲ್ಲವ್ವ "ಮುಟ್ಟಿದ್ರ ಕೈ ಮುರೀತೀನಿ ನೋಡವಾ" ಎಂದಳು. ಅವಳು ಅದನ್ನು ಊರೂರಿಗೆ ಹೊತ್ತು ಬೀಗರ ಮೀಸೆಗಳನ್ನು ಹಣ್ಣುಗಾಯಿ ಮಾಡುತ್ತಿದ್ದಾಳೆ, ಮದುವೆಗಳಿಗೆ ಮತ್ತೆ ಕರೆಯತೊಡಗಿದ್ದಾರೆ ಅವಳ ಮೇಳವನ್ನು.

ಧಣಿಯರು ಹಬ್ಬಕ್ಕೊಮ್ಮೆ ಫೋನು ಮಾಡುತ್ತಾರೆ, ಖೋಲಿಯ ಮಾತು ಎತ್ತುವುದಿಲ್ಲ. ನಾವೀಗ ಪೆಟ್ಟಿಗೆಯನ್ನು ಯಾವ ಖೋಲಿಯಲ್ಲೂ ಮುಗಿಸುವುದಿಲ್ಲ. ಅರ್ಧ ಕಟ್ಟಿ, ಅದು ನುಡಿಯಬೇಕಾದ ಊರಿಗೆ ಹೊತ್ತುಕೊಂಡು ಹೋಗಿ, ಅಲ್ಲಿನ ಕಲ್ಲು, ತಗಡು, ಜನರ ನಡುವೆ ಕೂತು ಮುಗಿಸುತ್ತೇವೆ. ನಿಧಾನದ ಕೆಲಸ. ಇದು ವ್ಯಾಪಾರ ಅಲ್ಲ ಎಂದು ಬುದ್ಧಿ ಹೇಳುವವರು ಬಹಳ, ಹೇಳಲಿ. ಪ್ರತಿ ಸಲವೂ ಕೌದಿ ಟೆಂಪೊದಲ್ಲಿ ಬರುತ್ತದೆ, ಹಾಸಿಗೆಯಾಗಿ, ಮಡಚಿ. ಅತ್ತೆ ಅದರ ಖಾಕಿಯ ಹರಕಿಗೆ ತೇಪೆ ಹಾಕಲು ಸೂಜಿ ತಂದಾಗಲೆಲ್ಲ ನಾನು ಬೇಡವೆನ್ನುತ್ತೇನೆ. ಆ ದಿನದಿಂದ ಉಳಿದ ಒಂದೇ ಸಾಕ್ಷಿ ಅದು, ಮತ್ತು ಅದೂ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ಆ ನಗೆ ತಂದದ್ದು ನಮ್ಮ ಪೆಟ್ಟಿಗೆಯೋ ಅತ್ತೆಯ ಕೌದಿಯೋ, ನನಗೆ ಗೊತ್ತಿಲ್ಲ.